ಜೀಪಿನಲ್ಲಿ ಇಬ್ಬರು: ಜೋಡಿ ಪೊಲೀಸ್ ಸಿನಿಮಾ ಕೊಡಗಿಗೆ ಒಗ್ಗುತ್ತದೆಯೇ?

ಒಬ್ಬರನ್ನೊಬ್ಬರು ಕಂಡರಾಗದ ಇಬ್ಬರು ಪೊಲೀಸರು ಒಂದೇ ಕೇಸಿಗೆ ಗಂಟುಬೀಳುತ್ತಾರೆ. ಹೊಡೆದಾಟ, ಓಡಾಟಗಳ ನಡುವೆಯೇ ಕಿತ್ತಾಡಿ ನಗಿಸುತ್ತಾರೆ. ಚಿತ್ರ ಮುಗಿಯುವ ಹೊತ್ತಿಗೆ ಒಬ್ಬನಿಗಾಗಿ ಇನ್ನೊಬ್ಬ ಪ್ರಾಣ ಕೊಡಲೂ ತಯಾರು. ಅಮೆರಿಕದಲ್ಲಿ 1980ರ ದಶಕದಲ್ಲಿ ಗಟ್ಟಿಯಾದ ಈ ಬಗೆಯ ಸಿನಿಮಾಕ್ಕೆ ಕನ್ನಡದಲ್ಲಿ ನೋಡುಗರು ಬಹಳ, ತೆಗೆದವರು ಕಡಿಮೆ. ಕೊಡಗಿಗೆ ಚಿತ್ರತಂಡಗಳು ಬರುವುದು ಹೆಚ್ಚಾಗಿ ಹಾಡಿಗೆ ಮತ್ತು ಮಂಜಿಗೆ. ಇಲ್ಲಿನ ಠಾಣೆ, ಇಲ್ಲಿನ ತೋಟ, ಇಲ್ಲಿನ ಕಳ್ಳನನ್ನೇ ಇಟ್ಟುಕೊಂಡು ಇಂಥದ್ದೊಂದು ಚಿತ್ರ ಮಾಡಿದರೆ ನಿಂತೀತೇ? ಚಿತ್ರಕಥೆಯ ಕಸುಬು ಬಲ್ಲವರೊಬ್ಬರು ಪರವಾಗಿ, ಠಾಣೆಯ ಕಾಗದ ಮತ್ತು ಕೋವಿ ಎರಡನ್ನೂ ಬಲ್ಲವರೊಬ್ಬರು ವಿರೋಧವಾಗಿ ಬರೆದಿದ್ದಾರೆ.

ಪರ: ಜಗಳ ಕೆಲಸದ್ದಾಗಿರಲಿ

ಒಬ್ಬ ಮುಂಗೋಪಿ, ಇನ್ನೊಬ್ಬ ಪುಕ್ಕಲ, ಇಬ್ಬರನ್ನೂ ಒಂದು ಜೀಪಿಗೆ ಹತ್ತಿಸಿ ಬಿಡಿ ಎನ್ನುವಷ್ಟಕ್ಕೆ ಜೋಡಿ ಪೊಲೀಸ್ ಚಿತ್ರ ಆಗಿಬಿಡುತ್ತದೆ ಎಂದು ನಂಬಿ ಬರೆದ ಚಿತ್ರಕಥೆಗಳು ಅರ್ಧ ಗಂಟೆಯಲ್ಲೇ ಸುಸ್ತಾಗುತ್ತವೆ. ಸ್ವಭಾವದ ಜಗಳಕ್ಕೆ ಆಯುಸ್ಸು ಕಡಿಮೆ. ಮೂರು ಸಲ ಬೈದಾಡಿದ ಮೇಲೆ ನಾಲ್ಕನೆಯದಕ್ಕೆ ಹೊಸ ಮಾತು ಉಳಿದಿರುವುದಿಲ್ಲ. ಬಾಳಿಕೆ ಬರುವುದು ಕೆಲಸದ ಜಗಳ. ಒಂದೇ ಬಾಗಿಲ ಮುಂದೆ ನಿಂತು ಒಬ್ಬ ತಟ್ಟೋಣ ಅನ್ನುತ್ತಾನೆ, ಇನ್ನೊಬ್ಬ ಹಿತ್ತಲಿನಿಂದ ಹೋಗೋಣ ಅನ್ನುತ್ತಾನೆ, ಇಬ್ಬರ ಮಾತಿನಲ್ಲೂ ಹುರುಳಿರುತ್ತದೆ. ಬಾಗಿಲು ಬದಲಾದಂತೆ ಜಗಳವೂ ಬದಲಾಗುತ್ತದೆ. ಎರಡೂವರೆ ಗಂಟೆ ಎಳೆದರೂ ಹಳಸುವುದಿಲ್ಲ.

1987ರ ‘ಲೀಥಲ್ ವೆಪನ್’ ಈ ಮಾದರಿಯ ಪಠ್ಯಪುಸ್ತಕ ಎನಿಸಿಕೊಂಡದ್ದು ಸುಮ್ಮನೆ ಅಲ್ಲ. ಅದರಲ್ಲಿ ಮರ್ಟಾ ಎಂಬ ಹಿರಿಯ ಅಧಿಕಾರಿಗೆ ಚಿತ್ರದ ಶುರುವಿನಲ್ಲೇ 50 ತುಂಬುತ್ತದೆ. ಹೆಂಡತಿ, ಮೂವರು ಮಕ್ಕಳು, ಸ್ವಂತ ಮನೆ; ಸೊಂಟದಲ್ಲಿ 6 ಗುಂಡಿನ ರಿವಾಲ್ವರ್. ಅವನ ಜೊತೆಗಾರ ರಿಗ್ಸ್‌ಗೆ ಹೆಂಡತಿ ತೀರಿಕೊಂಡಿದ್ದಾಳೆ, ಬದುಕಿನ ಆಸೆ ಹೋಗಿದೆ. ಅವನದು 15 ಗುಂಡಿನ ಪಿಸ್ತೂಲು. ಇಬ್ಬರೂ ಪರಸ್ಪರರ ಆಯುಧ ನೋಡಿ ಮಾತಾಡುವ ಚಿಕ್ಕ ದೃಶ್ಯವೊಂದಿದೆ. ಎಣಿಸಿ ಹೊಡೆಯುವವನು ಯಾರು, ಎಣಿಸದವನು ಯಾರು ಎಂಬುದು ಅಲ್ಲಿಗೇ ಪ್ರೇಕ್ಷಕನಿಗೆ ಗೊತ್ತಾಯಿತು. ಹಿನ್ನೆಲೆ ಹೇಳುವ ಉದ್ದುದ್ದ ಮಾತು ಬೇಕಾಗಲಿಲ್ಲ.

ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಜಪಾನಿನ ನಿರ್ದೇಶಕ ಕುರೊಸಾವಾ 1949ರಲ್ಲಿ ತೆಗೆದ ‘ಸ್ಟ್ರೇ ಡಾಗ್’ನಲ್ಲಿ ಪಿಸ್ತೂಲು ಕಳೆದುಕೊಂಡ ಎಳೆಯ ಪತ್ತೇದಾರನಿಗೂ ಹಣ್ಣಾದ ಹಿರಿಯನಿಗೂ ಜೋಡಿ. ಅದು ನಗೆಚಿತ್ರವಲ್ಲ, ಆದರೆ ಅಚ್ಚು ಅದೇ. 1982ರ ‘48 ಅವರ್ಸ್’ ಪೊಲೀಸನ ಜೊತೆಗೆ ಜೈಲಿನಿಂದ ಎರವಲು ತಂದ ಕೈದಿಯನ್ನು ಕಟ್ಟಿ, 48 ಗಂಟೆಯ ಗಡಿಯಾರವನ್ನೂ ಕಟ್ಟಿತು. ಆಮೇಲೆ ಬಂದ ನಾಯಿ-ಪೊಲೀಸ್ ಜೋಡಿ, ಮೊಲ-ನರಿ ಜೋಡಿ ಎಲ್ಲ ಅದರ ಮರಿಗಳು.

ಕನ್ನಡದಲ್ಲಿ ತಪ್ಪುವುದು ಎಲ್ಲಿ? ನಮ್ಮಲ್ಲಿ ನಾಯಕ ಪೊಲೀಸ್ ಆದರೆ ಪಕ್ಕದ ಪೇದೆ ಹಾಸ್ಯನಟ. ಅವನು ಬೀಳುತ್ತಾನೆ, ಹೆದರುತ್ತಾನೆ, ಪೆಟ್ಟು ತಿನ್ನುತ್ತಾನೆ, ಒಂದು ಸುಳಿವನ್ನೂ ಹಿಡಿಯುವುದಿಲ್ಲ. ಇದು ಬಾಲಂಗೋಚಿ, ಜೋಡಿಯಲ್ಲ. ಒರೆ ಹಚ್ಚುವುದು ಸುಲಭ: ಇಬ್ಬರಲ್ಲಿ ಯಾರನ್ನು ತೆಗೆದರೂ ಕೇಸು ಬಗೆಹರಿಯಬಾರದು. 2019ರ ‘ಅವನೇ ಶ್ರೀಮನ್ನಾರಾಯಣ’ದ ಇನ್‌ಸ್ಪೆಕ್ಟರ್ ನಾರಾಯಣ ಮತ್ತು ಹೆಡ್ ಕಾನ್‌ಸ್ಟೇಬಲ್ ಅಚ್ಯುತಣ್ಣನ ಜೊತೆಯಾಟ ಆ ದಿಕ್ಕಿಗೆ ನಡೆದ ಚೆಂದದ ಹೆಜ್ಜೆ, ಆದರೂ ಚಿತ್ರ ನಾರಾಯಣನದೇ. ಅದೇ ವರ್ಷದ ‘ಕವಲುದಾರಿ’ ನಗಿಸಲು ಹೊರಟ ಚಿತ್ರವಲ್ಲ. ಜೋಡಿ ಮಾತ್ರ ಅಲ್ಲಿ ಸರಿಯಾಗಿ ಕೂತಿದೆ. ಟ್ರಾಫಿಕ್ ಪೊಲೀಸ್ ಶ್ಯಾಮನಿಗೆ ಹಟವಿದೆ, ನಿವೃತ್ತ ಮುತ್ತಣ್ಣನಿಗೆ ಹಳೇ ಕೇಸಿನ ನೆನಪಿದೆ, ಒಂದಿಲ್ಲದೆ ಇನ್ನೊಂದು ನಡೆಯದು. ಮುತ್ತಣ್ಣ ಎಂಬ ಹೆಸರು ಕೇಳಿದ ಕೊಡಗಿನವರು ಇವನು ಯಾವ ಒಕ್ಕದವನಪ್ಪಾ (ಯಾವ ಮನೆತನದವನಪ್ಪಾ) ಎಂದು ಯೋಚಿಸಿರಲೂಬಹುದು.

150 ನಿಮಿಷದ ಚಿತ್ರಕ್ಕೆ ಲೆಕ್ಕ ಹೀಗಿಡಬಹುದು. ಮೊದಲ 20 ನಿಮಿಷದಲ್ಲಿ ಇಬ್ಬರನ್ನೂ ಬೇರೆ ಬೇರೆಯಾಗಿ, ಅವರವರ ಕೆಲಸದಲ್ಲಿ ತೋರಿಸಬೇಕು. ಇಬ್ಬರೂ ತಮ್ಮ ತಮ್ಮ ದಾರಿಯಲ್ಲಿ ಗೆಲ್ಲಬೇಕು. 25ನೇ ನಿಮಿಷಕ್ಕೆ ಮೇಲಿನವರ ಆದೇಶದಿಂದ ಗಂಟು ಬೀಳಬೇಕು. ಮಧ್ಯಂತರಕ್ಕೆ ಎಲ್ಲರೂ ಜಗಳ ಇಡುತ್ತಾರೆ. ಅಲ್ಲಿ ಜೋಡಿಯ ಮೊದಲ ಗೆಲುವು ಇಟ್ಟು, ಹಿಡಿದದ್ದು ತಪ್ಪು ಮನುಷ್ಯನನ್ನು ಎಂದು ತಿಳಿಯುವಂತೆ ಮಾಡಿದರೆ ಎರಡನೇ ಅರ್ಧಕ್ಕೆ ಇಂಧನ ಸಿಗುತ್ತದೆ. 110ನೇ ನಿಮಿಷದ ಹೊತ್ತಿಗೆ ಮುರಿಯಬೇಕು, ಆ ಮುರಿತ ಒಬ್ಬ ತನ್ನ ರೀತಿಯಲ್ಲಿ ಕದ್ದುಮುಚ್ಚಿ ಮಾಡಿದ ಕೆಲಸದಿಂದಲೇ ಹುಟ್ಟಬೇಕು. ಕೊನೆಯಲ್ಲಿ ಒಬ್ಬನ ವಿದ್ಯೆಯನ್ನು ಇನ್ನೊಬ್ಬ ಬಳಸಿ ಗೆಲ್ಲುತ್ತಾನೆ. ಚಪ್ಪಾಳೆ ಬೀಳುವುದು ಅಲ್ಲಿ, ಸ್ಫೋಟಕ್ಕಲ್ಲ.

ಈಗ ಕೊಡಗಿಗೆ ಬರೋಣ. ಕಲಬುರಗಿ ಕಡೆಯಿಂದ ವರ್ಗವಾಗಿ ಬಂದ ಎಳೆಯ ಪಿಎಸ್‌ಐ. ಮೂವತ್ತು ವರ್ಷ ಇದೇ ಜಿಲ್ಲೆಯ ಠಾಣೆಗಳಲ್ಲಿ ಸವೆದ ಹೆಡ್ ಕಾನ್‌ಸ್ಟೇಬಲ್. ಒಬ್ಬನದು ಕಾಗದದ ದಾರಿ: ಸಿಡಿಆರ್ (ಫೋನ್ ಕರೆಗಳ ದಾಖಲೆ), ಸಿಸಿಟಿವಿ, ಟವರ್ ಲೊಕೇಶನ್. ಇನ್ನೊಬ್ಬನದು ಸಂತೆಯ ದಾರಿ: ಯಾರ ಮಗ, ಯಾವ ತೋಟದಲ್ಲಿ ರೈಟರ್ (ಲೆಕ್ಕ ಬರೆಯುವವ) ಆಗಿದ್ದ, ಯಾರ ಮದುವೆಯಲ್ಲಿ ಯಾರ ಜೊತೆ ಮಾತು ಬಿಟ್ಟ. ಕೇಸು ಕಾಫಿ ಕಳವು. ಬಂಗಾರ, ಡ್ರಗ್ಸ್ ಯಾಕೆ ಬೇಕು? ಜನವರಿಯಿಂದ ಮಾರ್ಚ್‌ವರೆಗೆ ರೊಬಸ್ಟಾ ತಳಿಯ ಕಾಫಿ ಕೊಯ್ಲಿನ ಕಾಲದಲ್ಲಿ ಕಣದ ಮೇಲೆ ಹರಡಿದ ಫಸಲೇ ಒಂದು ಮನೆಯ ವರ್ಷದ ಆದಾಯ.

ಹೊರಗಿನ ಚಿತ್ರಕಥೆಗಾರನಿಗೆ ಸಿಗದ ಸುಳಿವು ಇಲ್ಲಿ ಕೈಗೇ ಸಿಗುತ್ತದೆ. ಪಿಕಪ್‌ನಲ್ಲಿ ಸಿಕ್ಕ ಚೀಲದಿಂದ ಹೆಡ್ ಕಾನ್‌ಸ್ಟೇಬಲ್ ಒಂದು ಹಿಡಿ ಚೆರಿ, ಅಂದರೆ ಸಿಪ್ಪೆಸಮೇತ ಒಣಗಿಸುವ ಕಾಫಿ ಹಣ್ಣು, ತೆಗೆದು ಕಿವಿಯ ಹತ್ತಿರ ಅಲುಗಿಸುತ್ತಾನೆ. ಪೂರಾ ಒಣಗಿದ ಚೆರಿ ಗಲಗಲ ಅನ್ನಬೇಕು, ಒಳಗಿನ ಬೀಜ ಸಿಪ್ಪೆಗೆ ಬಡಿಯುವ ಸದ್ದದು. ಇದು ಅನ್ನುತ್ತಿಲ್ಲ. ಬಿಸಿಲು ಚೆನ್ನಾಗಿದ್ದರೂ ಚೆರಿ ಒಣಗಲು ಹನ್ನೆರಡು-ಹದಿನೈದು ದಿನ ಬೇಕು. ಅಂದರೆ ಇದು ಕಣದಿಂದ ಅರೆಬರೆ ಒಣಗಿದಾಗಲೇ ಎತ್ತಿದ ಮಾಲು. ತನ್ನದೇ ಬೆಳೆಯಾಗಿದ್ದರೆ ಇಷ್ಟು ಅವಸರ ಯಾಕೆ? ಪಿಎಸ್‌ಐ ತಾನೂ ಒಂದು ಹಿಡಿ ತೆಗೆದು ಅಲುಗಿಸಿ, ಏನೂ ಅರ್ಥವಾಗದೆ, ಗಂಭೀರವಾಗಿ ತಲೆಯಾಡಿಸುತ್ತಾನೆ. ನಗು ಬಂತು, ಕೇಸೂ ಮುಂದೆ ಹೋಯಿತು. ಮುಂದಿನ ದೃಶ್ಯ ವ್ಯಾಪಾರಿಯ ಅಂಗಡಿ: 50 ಕೆಜಿ ಚೆರಿ ಚೀಲಕ್ಕೆ ಎಷ್ಟು ಕೆಜಿ ಬೀಜ ಬೀಳುತ್ತದೆ ಎಂಬ ಔಟ್‌ಟರ್ನ್ ಲೆಕ್ಕ. ರೊಬಸ್ಟಾಕ್ಕೆ 26-28 ಎಂದು ಬಾಯಿಪಾಠವಿರುವ ವ್ಯಾಪಾರಿ ಅದಕ್ಕಿಂತ ಬಹಳ ಕಡಿಮೆ ಬಿದ್ದ ಮಾಲನ್ನು ಮರೆಯುವುದಿಲ್ಲ, ಕೊಟ್ಟವನ ಮುಖವನ್ನೂ. ಇಲ್ಲಿ ಪಿಎಸ್‌ಐನ ಕಾಗದದ ದಾರಿಗೆ ತಿರುವು: ಅಂಗಡಿಯ ತೂಕದ ಚೀಟಿ, ದಿನಾಂಕ, ಗಾಡಿಯ ನಂಬರು. ಇಬ್ಬರೂ ಬೇಕಾದರು.

ಗಡಿಯಾರವನ್ನೂ ಈ ನೆಲವೇ ಕೊಡುತ್ತದೆ. ಕಳ್ಳ ಪೆರುಂಬಾಡಿ ದಾಟಿ ಮಾಕುಟ್ಟ ಘಾಟಿ ಇಳಿದು ಕೇರಳಕ್ಕೆ ಹೋದ ಎಂದಿಟ್ಟುಕೊಳ್ಳಿ. ಅಲ್ಲಿ ಹಿಡಿಯಬೇಕಾದರೆ ಸ್ಥಳೀಯ ಠಾಣೆಗೆ ತಿಳಿಸಬೇಕು. ಹಿಡಿದ ಮೇಲೆ ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು; ಸಂವಿಧಾನದ 22ನೇ ವಿಧಿ ಹೇಳುವುದು ಅದನ್ನೇ. ಅಮೆರಿಕದ ಚಿತ್ರ 48 ಗಂಟೆಯನ್ನು ಕಟ್ಟುಕಥೆಯಿಂದ ತಂದಿತು, ನಮಗೆ ಅದರ ಅರ್ಧ ಕಾನೂನಿನಿಂದಲೇ ಸಿಗುತ್ತದೆ. ಗಡಿಯಾಚೆ ಕೇರಳದ ಇರಿಟ್ಟಿಯ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಮಲಯಾಳದಲ್ಲಿ ಹತ್ತು ನಿಮಿಷ ಹರಟಿ, ಪಿಎಸ್‌ಐ ಕಡೆ ತಿರುಗಿ ‘ಆಗಲ್ಲ ಅಂತಾರೆ ಸಾರ್’ ಎಂದು ಮೂರೇ ಪದ ಹೇಳಿದರೆ ಸಾಕು.

ಬೆನ್ನಟ್ಟುವ ದೃಶ್ಯಕ್ಕೆ ವೇಗ ಇರಲೇಬೇಕು ಎಂಬುದೂ ಒಂದು ಮೂಢನಂಬಿಕೆ. ಘಾಟಿಯ ತಿರುವಿನಲ್ಲಿ ಕಾಡಾನೆ ಅಡ್ಡ ನಿಂತಿದೆ. ಆಚೆ ಕಳ್ಳನ ಪಿಕಪ್, ಈಚೆ ಜೀಪು. ಹಾರ್ನ್ ಹೊಡೆಯುವಂತಿಲ್ಲ, ದೀಪ ಮಿಣುಕಿಸುವಂತಿಲ್ಲ, ಇಂಜಿನ್ ಆರಿಸುವಂತಿಲ್ಲ, ಹಿಂದಕ್ಕೆ ಸರಿಯಲು ಜಾಗ ಇಟ್ಟುಕೊಂಡು ಕೂರಬೇಕು. ಇಪ್ಪತ್ತು ನಿಮಿಷ ಕಳ್ಳ-ಪೊಲೀಸರು ಮುಖಾಮುಖಿ ಕೂತು, ಪಿಸುದನಿಯಲ್ಲಿ ಬೈದಾಡುವುದು. ಪ್ರಪಂಚದ ಯಾವ ದೊಡ್ಡ ಸ್ಟುಡಿಯೋಗೂ ಈ ದೃಶ್ಯ ಹೊಳೆಯದು.

ಹೊಡೆದಾಟಕ್ಕೂ ಇದೇ ನಿಯಮ. 1998ರ ‘ರಷ್ ಅವರ್’ನ ಕೊನೆಯಲ್ಲಿ ಜಾಕಿ ಚಾನ್ ಒಂದು ಕೈಯಲ್ಲಿ ಹೊಡೆದಾಡುತ್ತಾ ಇನ್ನೊಂದು ಕೈಯಲ್ಲಿ ಪ್ರದರ್ಶನಕ್ಕಿಟ್ಟ ಬೆಲೆಬಾಳುವ ಹೂದಾನಿ ಬೀಳದಂತೆ ನೋಡಿಕೊಳ್ಳುತ್ತಾನೆ. ಹೊಡೆಯುವುದಕ್ಕಿಂತ ಕಾಪಾಡುವುದು ಕಷ್ಟವಾದಾಗ ಸಾಹಸ ನಗೆಯಾಗುತ್ತದೆ. ನಮ್ಮಲ್ಲಿ ಹೂದಾನಿಯ ಬದಲು ಕಣ. ಕಾಲಡಿ ಚೆರಿ ಉರುಳುತ್ತದೆ, ಯಾರೂ ನೆಟ್ಟಗೆ ನಿಲ್ಲಲಾಗದು, ತೋಟದ ಯಜಮಾನತಿ ‘ತುಳಿಯಬೇಡಿ’ ಎಂದು ಕೂಗುತ್ತಿದ್ದಾಳೆ, ಅಷ್ಟರಲ್ಲಿ ಮಾರ್ಚ್ ತಿಂಗಳ ಮಳೆ ಹನಿಯುತ್ತದೆ. ಹೊಡೆದಾಟ ನಿಲ್ಲಿಸಿ ಕಳ್ಳನೂ ಸೇರಿ ಎಲ್ಲರೂ ರಾಶಿ ಮಾಡಿ ಟಾರ್ಪಾಲು ಎಳೆಯಬೇಕು.

ಚಿತ್ರೀಕರಣದಲ್ಲಿ ಕೈಕೊಡುವುದು ಜೀಪಿನೊಳಗಿನ ಮಾತು. ಒಂದೇ ಕ್ಯಾಮೆರಾದಲ್ಲಿ ಮೊದಲು ಇವನ, ಆಮೇಲೆ ಅವನ ಮುಖ ತೆಗೆದರೆ ಮಾತಿನ ಮೇಲೆ ಮಾತು ಬೀಳುವ ಜಗಳ ಸಂಕಲನದಲ್ಲಿ ಜೋಡುವುದಿಲ್ಲ. ಹಾಗಾಗಿ ಎರಡು ಕ್ಯಾಮೆರಾ ಒಟ್ಟಿಗೆ ಓಡಬೇಕು, ಇಬ್ಬರಿಗೂ ಕಾಲರ್ ಮೈಕ್ ಇರಬೇಕು. ವಾಹನವನ್ನು ಲೋ-ಲೋಡರ್ (ತಗ್ಗಾದ ಉದ್ದನೆಯ ಟ್ರೇಲರ್) ಮೇಲೆ ಹೇರಿ ಎಳೆಯುವ ರೂಢಿ ಸಂಪಾಜೆಯ ಹೇರ್‌ಪಿನ್ ತಿರುವುಗಳಲ್ಲಿ ನಡೆಯದು, ಅದು ತಿರುಗುವುದೇ ಇಲ್ಲ. ಬಾನೆಟ್ ಮೇಲೆ ಒಂದು, ಹಿಂದಿನ ಸೀಟಿನಿಂದ ಒಂದು ಕ್ಯಾಮೆರಾ ಕಟ್ಟಿ ನೇರ ದಾರಿಯಲ್ಲಿ ತೆಗೆಯುವುದೇ ಲೇಸು. ಸಂಕಲನದಲ್ಲಿ ಮಾತಾಡುವವನಿಗಿಂತ ಕೇಳುವವನ ಮುಖದ ಮೇಲೆ ಅರ್ಧ ಸೆಕೆಂಡು, ಅಂದರೆ 12 ಫ್ರೇಮು, ಹೆಚ್ಚು ನಿಂತರೆ ನಗು ಹುಟ್ಟುತ್ತದೆ. 6 ಫ್ರೇಮಿಗೆ ಕತ್ತರಿಸಿದರೆ ಅದೇ ಮಾತು ಸತ್ತುಹೋಗುತ್ತದೆ. ಇದನ್ನು ಬರೆದು ಕಲಿಸಲಾಗದು, ಮೇಜಿನ ಮುಂದೆ ಕೂತೇ ನೋಡಬೇಕು.

ಚಿಕ್ಕ ಊರಲ್ಲಿ ಇಂಥ ಕಥೆ ನಡೆಯದು ಎನ್ನುವವರಿಗೆ 2007ರ ಇಂಗ್ಲೆಂಡಿನ ‘ಹಾಟ್ ಫಝ್’ ಇದೆ. ಲಂಡನ್ನಿನ ಕಟ್ಟುನಿಟ್ಟಿನ ಅಧಿಕಾರಿಯನ್ನು ಹಳ್ಳಿಗೆ ಎತ್ತಿಹಾಕಿ, ಅಲ್ಲಿನ ಸೋಮಾರಿ ಪೊಲೀಸನ ಜೊತೆ ಕಟ್ಟಿದ ಕಥೆ. ನಿರ್ದೇಶಕ ಎಡ್ಗರ್ ರೈಟ್ ಅದನ್ನು ತಾನು ಬೆಳೆದ ವೆಲ್ಸ್ ಪಟ್ಟಣದಲ್ಲೇ ತೆಗೆದು, ಅಲ್ಲಿನ ದೊಡ್ಡ ಕೆಥೆಡ್ರಲ್ ಹಳ್ಳಿಗೆ ಹೊಂದುವುದಿಲ್ಲವೆಂದು ಕಂಪ್ಯೂಟರಿನಲ್ಲಿ ಅಳಿಸಿಹಾಕಿದ. ಕೊಡಗಿನ ಕಥೆಗಾರ ಅಳಿಸಬೇಕಾದ್ದು ಮಂಜನ್ನು. ಪ್ರತಿ ದೃಶ್ಯಕ್ಕೂ ಅದು ನುಗ್ಗಿದರೆ ಪ್ರವಾಸದ ಜಾಹೀರಾತಾಗುತ್ತದೆ.

ವಿರೋಧ: ಗುಂಡಿಗೆ ಲೆಕ್ಕ ಬೇಕು

ಕಣದ ದೃಶ್ಯ ಚೆನ್ನಾಗಿದೆ, ಚೆರಿ ಅಲುಗಿಸುವುದೂ ಸರಿ. ಪರ ಬರೆದವರು ಹೇಳಿದ ಚಿತ್ರ ಬಂದರೆ ನೋಡಲು ಅಡ್ಡಿಯಿಲ್ಲ. ತೊಂದರೆ ಏನೆಂದರೆ ಜನ ಈ ಬಗೆಯ ಚಿತ್ರಕ್ಕೆ ಟಿಕೆಟ್ ಕೊಳ್ಳುವುದು ಔಟ್‌ಟರ್ನ್ ಲೆಕ್ಕಕ್ಕಲ್ಲ. ಅವರನ್ನು ಎಳೆಯುವುದು ಪರವಾನಗಿ. ಇಬ್ಬರು ನಿಯಮ ಮುರಿಯುತ್ತಾರೆ, ಮೇಲಧಿಕಾರಿ ಕಿರುಚುತ್ತಾನೆ, ಬಿಲ್ಲೆ-ಬಂದೂಕು ಕಿತ್ತುಕೊಳ್ಳುತ್ತಾನೆ, ಇಪ್ಪತ್ತು ನಿಮಿಷದಲ್ಲಿ ಅವರದೇ ಸರಿ ಎಂದಾಗುತ್ತದೆ. ಜೋಡಿಯ ತಮಾಷೆ ಆ ಪರವಾನಗಿಗೆ ಬಳಿದ ಬೆಣ್ಣೆ. ನಗುತ್ತಿರುವವನಿಗೆ ಪ್ರಶ್ನೆ ಹುಟ್ಟುವುದಿಲ್ಲ.

‘48 ಅವರ್ಸ್’ನಲ್ಲಿ ಎಡ್ಡಿ ಮರ್ಫಿಯ ಕೈದಿ ಪಾತ್ರ ಪೊಲೀಸನ ಬಿಲ್ಲೆ ಹಿಡಿದು ಬಾರೊಂದಕ್ಕೆ ನುಗ್ಗಿ ಅಲ್ಲಿದ್ದವರನ್ನೆಲ್ಲ ನಡುಗಿಸುವ ಪ್ರಸಿದ್ಧ ದೃಶ್ಯವಿದೆ. ಬುದ್ಧಿವಂತ ದೃಶ್ಯವೇ, ಹೆದರಿಸುವುದು ಮನುಷ್ಯನಲ್ಲ, ಬಿಲ್ಲೆ ಎಂದು ತೋರಿಸುತ್ತದೆ. ಆದರೆ ಅದೇ ಹೊತ್ತಿಗೆ ಆ ಹೆದರಿಕೆಯನ್ನು ಚಪ್ಪರಿಸಿ ಸವಿಯಿರಿ ಎಂದೂ ಹೇಳುತ್ತದೆ. ನಂತರ ಬಂದ ಅನುಕರಣೆಗಳು ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಮಾತ್ರ ಉಳಿಸಿಕೊಂಡವು.

ಕೊಡಗಿನಲ್ಲಿ ಇದು ಬೇರೆ ಕಡೆಗಿಂತ ಹೆಚ್ಚು ಒರಟಾಗಿ ಕಾಣುತ್ತದೆ, ಕಾರಣ ಕೋವಿ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿತು. ಇಲ್ಲಿ ಗುಂಡಿನ ಸದ್ದಿಗೆ ಅರ್ಥವಿದೆ. ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಒಂದರ ಹಿಂದೆ ಒಂದು ಎರಡು ಗುಂಡು. ಸುಗ್ಗಿಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡು. ಕೈಲ್‌ಪೊಳ್ದ್ ಎಂಬ ಆಯುಧಪೂಜೆಯ ಹಬ್ಬದ ದಿನ ಒರೆಸಿಟ್ಟ ಕೋವಿಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿ. ಚಿಕ್ಕಂದಿನಿಂದ ‘ತುಂಬಿದ ಕೋವಿಯ ಬಾಯಿ ಮನುಷ್ಯರ ಕಡೆ ತಿರುಗಬಾರದು’ ಎಂದು ಬೈಸಿಕೊಂಡು ಬೆಳೆದವರ ಮುಂದೆ, ಜೋಕು ಹೇಳುತ್ತಾ ಇನ್ನೂರು ಗುಂಡು ಹಾರಿಸುವ ಇಬ್ಬರನ್ನು ನಿಲ್ಲಿಸಿದರೆ ನಗು ಬರುವುದು ಎಲ್ಲಿಂದ?

ತಾಂತ್ರಿಕವಾಗಿಯೂ ಇಂಥ ದೃಶ್ಯಗಳು ನಿಲ್ಲುವುದಿಲ್ಲ. ಜೋಡಿ ನಳಿಗೆಯ 12 ಬೋರ್ ಕೋವಿಯಲ್ಲಿ ಇರುವುದು ಎರಡೇ ತೋಟಾ. ಹಾರಿಸಿದ ಮೇಲೆ ನಳಿಗೆ ಬಗ್ಗಿಸಿ ತೆರೆದು, ಖಾಲಿ ತೆಗೆದು, ಹೊಸದು ತುಂಬಿ, ಮುಚ್ಚಬೇಕು; ಕೈ ಪಳಗಿದವನಿಗೂ ನಾಲ್ಕೈದು ಸೆಕೆಂಡು ಬೇಕು, ಗಾಬರಿಯಲ್ಲಿ ಅದರ ಎರಡು ಪಟ್ಟು. ಚರೆಯ ತೋಟಾ 35-40 ಮೀಟರಿನಾಚೆ ಹರಡಿ ಬಲಗುಂದುತ್ತದೆ. ನಮ್ಮ ಪೊಲೀಸರ ಹಳೆಯ 9 ಎಂಎಂ ಪಿಸ್ತೂಲಿನ ಮ್ಯಾಗಜಿನ್‌ಗೆ 13 ಗುಂಡು, ಅಷ್ಟೇ. ಕಾರಿನ ಬಾಗಿಲ ಹಿಂದೆ ಅವಿತು ಜೋಡಿ ಮಾತಿನ ಮಂಟಪ ಕಟ್ಟುತ್ತದಲ್ಲ, ಆ ಬಾಗಿಲ ತಗಡನ್ನು 9 ಎಂಎಂ ಗುಂಡು ಸಲೀಸಾಗಿ ತೂರಿ ಬರುತ್ತದೆ. ತಡೆಯುವುದು ಇಂಜಿನ್ ಇರುವ ಭಾಗ, ಬೇಕಿದ್ದರೆ ಚಕ್ರದ ಲೋಹ. ಮುಚ್ಚಿದ ಕೋಣೆಯಲ್ಲಿ ಒಂದು ಗುಂಡು ಹಾರಿದರೆ ಕಿವಿ ಗುಂಯ್‌ಗುಡುತ್ತಾ ಎಷ್ಟೋ ಹೊತ್ತು ಎದುರಿನವನ ಮಾತೇ ಕೇಳದು. ಚುರುಕಾದ ಮಾರುತ್ತರ ಆಮೇಲಿನ ಮಾತು. ಎರಡು ಕೈಯಲ್ಲಿ ಎರಡು ಪಿಸ್ತೂಲು ಹಿಡಿದು ಹಾರುತ್ತಾ ಹೊಡೆಯುವವನಿಗೆ ಗುರಿ ಹಿಡಿಯಲು ಕಣ್ಣು ಎಲ್ಲಿದೆ? ತೆಂಗಿನಕಾಯಿ ಸ್ಪರ್ಧೆಯಲ್ಲಿ ನಿಂತ ಯಾವ ಹುಡುಗಿಯನ್ನು ಕೇಳಿದರೂ ಹೇಳುತ್ತಾಳೆ, ಉಸಿರು ಹಿಡಿಯದೆ ನಿಂತಲ್ಲಿಂದಲೇ ಕಾಯಿ ತಪ್ಪುತ್ತದೆ.

ಸಿನಿಮಾ ಅಂದಮೇಲೆ ಅಷ್ಟು ಸುಳ್ಳು ಇರಬೇಕಲ್ಲ ಎನ್ನಬಹುದು. ಇರಲಿ. ಆದರೆ ಈ ಸುಳ್ಳು ಒಂದೇ ಕಡೆ ವಾಲುತ್ತದೆ. ಠಾಣೆಯಲ್ಲಿ ಪ್ರತಿ ಗುಂಡಿಗೂ ಶಸ್ತ್ರಾಗಾರದ ರಿಜಿಸ್ಟರಿನಲ್ಲಿ ಲೆಕ್ಕ ಇರುತ್ತದೆ, ಹಾರಿಸಿದ್ದರೆ ಎಲ್ಲಿ, ಯಾಕೆ ಎಂದು ಬರೆದುಕೊಡಬೇಕು. ಪೊಲೀಸರ ಗುಂಡಿಗೆ ಯಾರಾದರೂ ಸತ್ತರೆ ಎಫ್‌ಐಆರ್ ಆಗಬೇಕು, ಸಿಐಡಿ ಅಥವಾ ಬೇರೆ ಠಾಣೆಯ ತಂಡ ಸ್ವತಂತ್ರವಾಗಿ ತನಿಖೆ ಮಾಡಬೇಕು. ಸುಪ್ರೀಂ ಕೋರ್ಟ್ 2014ರಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಪ್ರಕರಣದಲ್ಲಿ ಇದನ್ನು ಕಡ್ಡಾಯ ಮಾಡಿತು. ಜೋಡಿ ಚಿತ್ರದ ಕೊನೆಯ ಹೊಡೆದಾಟದಲ್ಲಿ ಬೀಳುವ ಹೆಣಗಳಿಗೆ ಇದನ್ನು ಅನ್ವಯಿಸಿದರೆ ನಾಯಕರಿಬ್ಬರೂ ನಿವೃತ್ತಿಯವರೆಗೆ ವಿಚಾರಣೆಯಲ್ಲೇ ಇರಬೇಕು. ಈ ಲೆಕ್ಕವನ್ನು ತಮಾಷೆಯ ವಸ್ತುವನ್ನಾಗಿ ಮಾಡಿಕೊಂಡದ್ದು ‘ಹಾಟ್ ಫಝ್’. ಅಷ್ಟೆಲ್ಲ ಗುಂಡು ಹಾರಿಸಿದ ಮೇಲೆ ಅದರ ಪಾತ್ರಗಳು ಕೂತು ಫಾರಂ ತುಂಬುತ್ತವೆ. ಅದು ಈ ಬಗೆಯ ಚಿತ್ರಗಳನ್ನೇ ಅಣಕಿಸುವ ಚಿತ್ರ ಎಂಬುದನ್ನು ಪರ ವಾದಿಸುವಾಗ ಮರೆಯಬಾರದು.

ತನಿಖೆಯ ಕಥೆಯೂ ಅಷ್ಟೇ. ಜೋಡಿ ಚಿತ್ರದಲ್ಲಿ ಬಾಯಿ ಬಿಡಿಸುವ ದೃಶ್ಯ ಯಾವಾಗಲೂ ನಗೆ ದೃಶ್ಯ: ಒಬ್ಬ ಹೊಡೆಯುವವನಂತೆ, ಒಬ್ಬ ತಡೆಯುವವನಂತೆ; ಶಂಕಿತನನ್ನು ಮಹಡಿಯಿಂದ ತಲೆಕೆಳಗಾಗಿ ಹಿಡಿದು ಜೋತಾಡಿಸುವುದು. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ಸಾಕ್ಷ್ಯವಾಗದು. ಹಳೆಯ ಸಾಕ್ಷ್ಯ ಕಾಯ್ದೆಯಲ್ಲೂ ಇದ್ದ ಈ ಮಾತು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲೂ ಇದೆ. ಆ ಹೇಳಿಕೆಯಿಂದ ಮಾಲು ಸಿಕ್ಕಿದರೆ ಅಷ್ಟು ಭಾಗ ಮಾತ್ರ ನಿಲ್ಲುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಶೋಧ-ಜಪ್ತಿಯ ವಿಡಿಯೋ ಆಗಬೇಕು, ಅದನ್ನು ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಹೆಡ್ ಕಾನ್‌ಸ್ಟೇಬಲ್ ಚೀಲಕ್ಕೆ ಕೈಹಾಕಿ ಚೆರಿ ಅಲುಗಿಸುವ ಆ ಸೊಗಸಾದ ದೃಶ್ಯ ಇದೆಯಲ್ಲ, ಪಂಚರಿಲ್ಲದೆ (ಜಪ್ತಿಗೆ ಸಾಕ್ಷಿಗಳಿಲ್ಲದೆ), ವಿಡಿಯೋ ಇಲ್ಲದೆ ಚೀಲ ಬಿಚ್ಚಿದ್ದಾನೆ. ಆರೋಪಿಯ ಪರ ವಕೀಲರಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಬೇಕಿಲ್ಲ.

ಇನ್ನು ನಗುವಿನ ಗುರಿ. ‘ರಷ್ ಅವರ್’ನಲ್ಲಿ ಚೀನೀಯನೂ ಕರಿಯನೂ ಪರಸ್ಪರ ಹಂಗಿಸಿಕೊಳ್ಳುತ್ತಾರೆ, ಇಬ್ಬರಿಗೂ ಸರಿಸಮ ಪಾತ್ರ, ಇಬ್ಬರಿಗೂ ತಿರುಗಿ ಕೊಡುವ ಹಕ್ಕಿದೆ. ಕಲಬುರಗಿಯವನೂ ಕೊಡಗಿನವನೂ ಹಾಗೆ ಕಿತ್ತಾಡಲಿ. ಆದರೆ ಕಾಫಿ ಕಳವಿನ ಕಥೆಯಲ್ಲಿ ಮೊದಲು ಠಾಣೆಗೆ ಎಳೆತರುವುದು ಲೈನ್ ಮನೆಯ ಅಸ್ಸಾಮಿನ ಕೂಲಿಯವನನ್ನು ಅಥವಾ ಯರವ ಬುಡಕಟ್ಟಿನ ಹುಡುಗನನ್ನು. ಅವನ ಭಾಷೆ ಇಬ್ಬರಿಗೂ ಬಾರದು ಎಂಬುದೇ ಅಲ್ಲಿ ಜೋಕಾಗುತ್ತದೆ. ತಿರುಗಿ ಹೇಳಲು ಅವನಿಗೆ ಒಂದು ಸಾಲೂ ಬರೆದಿರುವುದಿಲ್ಲ. ಮೀಸೆ-ರಮ್ಮಿನ ಕೊಡವ, ಕುತಂತ್ರಿ ಮಲಯಾಳಿ, ಇವರೂ ಸಾಲಿನಲ್ಲಿ ಕಾದು ನಿಂತಿದ್ದಾರೆ. ಹೆಂಗಸರಂತೂ ಕಣದಲ್ಲಿ ‘ತುಳಿಯಬೇಡಿ’ ಎಂದು ಕೂಗುವಷ್ಟಕ್ಕೇ. 2013ರ ‘ದಿ ಹೀಟ್’ ಇಬ್ಬರು ಹೆಂಗಸರನ್ನು ಜೋಡಿ ಮಾಡಿ ಗೆದ್ದದ್ದು ನಮ್ಮ ಪರ ವಾದಕ್ಕೆ ನೆನಪಾಗಲಿಲ್ಲ.

ಕಾಡಾನೆ ತಮಾಷೆಯೂ ಹಾಗೇ. ಬೆಳಗ್ಗೆ ತೋಟದ ಕೆಲಸಕ್ಕೆ ನಡೆದು ಹೋಗುವವರು ಆನೆ ದಾಳಿಗೆ ಸಾಯುವ ಜಿಲ್ಲೆಯಿದು. ಅದನ್ನು ಟ್ರಾಫಿಕ್ ಜಾಮ್ ಮಾಡಿ ನಗಿಸಲು ಬಹಳ ಎಚ್ಚರ ಬೇಕು. ತೆಗೆಯುವುದೂ ಸುಲಭವಿಲ್ಲ: ಅರಣ್ಯ ಇಲಾಖೆಯ ಅನುಮತಿ ಒಂದು ಕಡೆ, ಪ್ರಾಣಿ ಬಳಸಿದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಇನ್ನೊಂದು ಕಡೆ, ಅದಾಗದೆ ಗ್ರಾಫಿಕ್ಸ್ ಆನೆ ತಂದರೆ ಇಲ್ಲಿನ ಮಕ್ಕಳೇ ನಗುತ್ತಾರೆ, ಬೇಡದ ಕಾರಣಕ್ಕೆ.

ಕೊನೆಗೆ ಹಣದ ಮಾತು. ಕೊಡಗಿನ ಜನಸಂಖ್ಯೆ 2011ರ ಗಣತಿಯಲ್ಲಿ 5,54,519. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಕನ್ನಡ ಬೆರೆತ ಠಾಣೆಯ ಮಾತು ಪೂರ್ತಿ ದಕ್ಕುವುದು ಇವರಿಗೆ, ಸುತ್ತಲಿನ ಕೆಲವರಿಗೆ. ಇಷ್ಟರಿಂದ ಚಿತ್ರದ ಬಂಡವಾಳ ಬಾರದು. ಬೆಂಗಳೂರಿನವರಿಗೆ ಅರ್ಥವಾಗಲಿ ಎಂದು ‘ಗಲಗಲ’ದ ದೃಶ್ಯಕ್ಕೆ ವಿವರಣೆ ಸೇರುತ್ತದೆ. ವಿವರಿಸಿದ ಜೋಕು ಸತ್ತ ಜೋಕು. ಡಬ್ಬಿಂಗಿಗೆ ಹೋದಾಗ ಇರಿಟ್ಟಿಯ ಠಾಣೆಯ ಮೂರು ಪದದ ನಗೆಯೂ ಹೋಗುತ್ತದೆ, ಮಲಯಾಳದ ಆವೃತ್ತಿಯಲ್ಲಿ ಅದು ಏನಾಗಬೇಕು? ಕಡೆಗೆ ಉಳಿಯುವುದು ಯಾವ ಭಾಷೆಗೂ ಹೊಂದುವ ಮೂರು ಸರಕು: ಮಂಜು, ಹೋಂಸ್ಟೇ, ಕೋವಿ.

ಮತ್ತೆ ಆ ಕಾಫಿ. ಕಳ್ಳ ಸಿಕ್ಕಿದ, ಇಬ್ಬರೂ ಹೆಗಲ ಮೇಲೆ ಕೈಹಾಕಿ ನಡೆದರು, ಹೆಸರುಗಳು ಮೇಲೇರಿದವು. ಆದರೆ ಎರಡು ಎಕರೆಯ ಬೆಳೆಗಾರನ ಅರೆ ಒಣಗಿದ ಚೀಲಗಳು ಜಪ್ತಿ ಮಾಲಾಗಿ ಠಾಣೆಯ ಮೂಲೆಯಲ್ಲಿವೆ. ತೇವ ಶೇ 11ರ ಆಸುಪಾಸಿಗೆ ಇಳಿಯದ ಚೆರಿಯನ್ನು ಚೀಲದಲ್ಲಿ ಕಟ್ಟಿಟ್ಟರೆ ಬೂಸ್ಟು ಹಿಡಿಯುತ್ತದೆ, ಜೂನ್ ಮಳೆ ಹತ್ತಿದರೆ ಕಥೆ ಮುಗಿದಂತೆ. ಬಿಡಿಸಿಕೊಳ್ಳಲು ಅವನು ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಬೇಕು, ಮಾಲು ತನ್ನದೆಂದು ತೋರಿಸಬೇಕು, ಬಾಂಡ್ ಬರೆದುಕೊಡಬೇಕು, ಠಾಣೆಯಿಂದ ವರದಿ ಹೋಗಬೇಕು. ಜಪ್ತಿ ಮಾಲನ್ನು ಠಾಣೆಯಲ್ಲಿ ಕೊಳೆಸಬೇಡಿ, ಫೋಟೋ ತೆಗೆದು, ಮಹಜರು ಮಾಡಿ ಬೇಗ ಬಿಟ್ಟುಕೊಡಿ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಜೋಡಿಯಲ್ಲಿ ಒಬ್ಬ ಆ ವರದಿಯನ್ನು ಅದೇ ವಾರ ಬರೆದು ಕಳಿಸುವ, ಇನ್ನೊಬ್ಬ ಅದರ ಒಕ್ಕಣೆಗೆ ತಕರಾರು ತೆಗೆದು ಜಗಳವಾಡುವ ಚಿತ್ರವನ್ನು ಯಾರಾದರೂ ತೆಗೆಯುವುದಾದರೆ ಈ ವಿರೋಧವನ್ನು ಹಿಂತೆಗೆದುಕೊಳ್ಳಬಹುದು.